ಕೂಲಿಯಾದ ಮೇಲೆ ಕೊಟ್ಟ ಸೀರೆ

ಯಾವುದಾದರೂ ಸಂಸ್ಥೆಯ ಸಮಾರಂಭದಲ್ಲಿ ಮುಖ್ಯಸ್ಥರು ಎದ್ದು ನಿಂತು, ‘ನಾವೆಲ್ಲರೂ ಒಂದೇ ಕುಟುಂಬದವರು’ ಎಂದು ನೌಕರರಿಗೆ ಹೇಳಿದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಉಳಿದವರು ಚಪ್ಪಾಳೆ ತಟ್ಟುತ್ತಿರುವಾಗ ನಾನು ನೌಕರರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಅವರಲ್ಲಿ ಯಾರಾದರೂ ಆ ಮಾತನ್ನು ನಂಬಿಬಿಟ್ಟರೇನೋ ಎಂಬ ಭಯ. ನಂಬಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಮಾತೊಂದನ್ನು ಬರೆದು, ಗಟ್ಟಿಯಾಗಿ ಓದಿ, ಕೇಳಿದವರ ಕೋರಿಕೆಯ ಮೇರೆಗೆ ಎರಡನೆಯ ಸಲವೂ ಓದಿದವನು ನಾನೇ.

ಅದು ಐವತ್ತರ ದಶಕದ ನಡುವಿನ ಕಾಲ. ಕುದೇರಿನ ನಮ್ಮ ಒಕ್ಕಲುತನದ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ಮೇಲೆ ನಮ್ಮ ತಂದೆಯವರು ನನ್ನೆದುರು ಮಾತನಾಡುವಾಗಲೂ ಪದಗಳನ್ನು ಆರಿಸಿ ಆಡತೊಡಗಿದ್ದರು. ಅದು ನನ್ನನ್ನು ಸಂತೋಷಕ್ಕಿಂತ ಹೆಚ್ಚಾಗಿ ಸಂಕೋಚಕ್ಕೆ ಗುರಿಮಾಡುತ್ತಿತ್ತು. ಓದಿದವನು ತಪ್ಪು ಮಾಡಬಾರದು, ಮಾಡಿದರೆ ಓದಿಗೇ ಕೆಟ್ಟ ಹೆಸರು, ಎಂಬ ಹೆದರಿಕೆಯಲ್ಲಿಯೇ ನಾನು ಚಾಮರಾಜನಗರದ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿ ಸೇರಿದೆ.

ಕಾರ್ಖಾನೆಯೆಂದರೆ ಉದ್ದನೆಯ ಹಂಚಿನ ಕಟ್ಟಡ. ಒಳಗೆ ಸಾಲಾಗಿ ಒಲೆಗಳು, ಪ್ರತಿಯೊಂದು ಒಲೆಯ ಮೇಲೂ ಕುದಿಯುವ ನೀರಿನ ಬಾಣಲೆ, ಬಾಣಲೆಯಲ್ಲಿ ತೇಲುವ ರೇಷ್ಮೆಗೂಡುಗಳು. ಒಂದೊಂದು ಒಲೆಗೂ ಒಬ್ಬ ಹೆಂಗಸು. ಬೇಯುತ್ತಿರುವ ಗೂಡಿನಿಂದ ಎಳೆಯ ತುದಿಯನ್ನು ಹುಡುಕಿ ತೆಗೆದು, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಹತ್ತಿಸುವುದು ಅವರ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಅವರ ಬೆರಳುಗಳು ಸಂಜೆಗೆ ಬಿಳಿಚಿಕೊಂಡು, ಚರ್ಮ ಸುಕ್ಕಾಗಿ, ಬೇರೆ ಯಾರದೋ ಬೆರಳುಗಳಂತೆ ಕಾಣುತ್ತಿದ್ದವು. ಬೆಂದ ಹುಳುವಿನ ವಾಸನೆ ನನ್ನ ಕೋಟಿಗೆ ಹತ್ತಿ, ಭಾನುವಾರ ಊರಿಗೆ ಹೋದಾಗ ನಮ್ಮ ತಾಯಿ ಅದನ್ನು ಅಂಗಳದ ಹಗ್ಗಕ್ಕೆ ನೇತುಹಾಕದೆ ಒಳಗೆ ಬಿಡುತ್ತಿರಲಿಲ್ಲ.

ಯಜಮಾನರು ಗುಂಡ್ಲುಪೇಟೆಯವರು. ಅಲ್ಲಿ ಅವರಿಗೆ ದೊಡ್ಡ ಮಂಡಿಯಿತ್ತು. ಮಲಬಾರಿನ ಕಡೆಗೆ ಹುರುಳಿ, ಕಡಲೆಕಾಯಿ ಸಾಗಿಸುತ್ತಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು ನೂಲನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. ನನ್ನ ಹೆಸರು ಹಿಡಿದು ಅವರು ಎಂದೂ ಕರೆದವರಲ್ಲ. ‘ಬಿ.ಎ.ನೋರೆ’ ಎನ್ನುತ್ತಿದ್ದರು. ಅದರಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಹೆಂಗಸರೆಲ್ಲರೂ ಸೇರಿ ದಿನಗೂಲಿಯನ್ನು ಎರಡಾಣೆ ಹೆಚ್ಚಿಸಬೇಕೆಂದು ಕೇಳಿದರು. ಅವರ ಪರವಾಗಿ ಮಾತನಾಡಿದವಳು ಮೊದಲನೆಯ ಒಲೆಯ ಹಿರಿಯಳು. ಹಲ್ಲುಗಳೆಲ್ಲ ಎಲೆಯಡಿಕೆಗೆ ಕೆಂಪಾಗಿದ್ದ, ಯಾರಿಗೂ ಹೆದರದ ಮುದುಕಿ.

“ಸ್ವಾಮಿ, ರಾಗಿ ರೇಟು ಏರ್ತು, ಬೆಲ್ಲದ್ ರೇಟು ಏರ್ತು. ನಮ್ ಕೂಲಿ ಮಾತ್ರ ಒಲೆ ಮುಂದಿನ್ ಬೆಕ್ಕಂಗೆ ಬಿದ್ದದೆ. ಒಸಿ ಎಬ್ಬುಸ್ಬಾರ್ದಾ?”

ನಾನು ಅದನ್ನು ಯಜಮಾನರಿಗೆ ತಿಳಿಸಿದೆ. ಅವರು ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ತಲೆಯಾಡಿಸಿದರು.

“ಕೂಲಿ ಒಂದ್ಸಲ ಏರ್ಸುದ್ರೆ ಆಮೇಕೆ ಇಳ್ಸಕ್ಕಾಯ್ತದಾ ಬಿ.ಎ.ನೋರೆ? ನಮ್ ನೂಲು ಕೊಳ್ಳೊ ಬೆಂಗ್ಳೂರಿನ ಸೇಟು ಒಂದು ಉಪಾಯ ಯೋಳವ್ರೆ. ಚೆಂದಾಗಿ ಕೆಲ್ಸ ಮಾಡ್ದೋರ್ಗೆ ಇನಾಮು ಕೊಡದು. ಒಬ್ಬುರ್ಗೆ ಕೊಟ್ರೆ ಎಲ್ರೂ ಓಡ್ತಾರೆ. ಈ ವರ್ಸ ಕೊಟ್ಟು ಮುಂದಿನ್ ವರ್ಸ ಬ್ಯಾಡ ಅಂದ್ರೆ ಬುಟ್ಬುಡ್ಬೋದು. ಕೂಲಿ ಅಂಗಲ್ಲ.”

ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿದ್ದ ನನಗೆ ಆ ಮಾತು ಬಹಳ ಸಮಂಜಸವಾಗಿ ತೋರಿತು. ನಾನೇ ಪ್ರಕಟಣೆಯನ್ನು ಬರೆದೆ. ಆಯುಧಪೂಜೆಯವರೆಗಿನ ಅವಧಿಯಲ್ಲಿ ಅತ್ಯಂತ ಸಮನಾದ ನೂಲನ್ನು ತೆಗೆದು, ಅತ್ಯಂತ ಕಡಿಮೆ ಎಳೆಯನ್ನು ಹಾಳುಮಾಡಿದವರಿಗೆ ಕೊಳ್ಳೇಗಾಲದ ಒಂದು ರೇಷ್ಮೆ ಸೀರೆಯನ್ನು ಪಾರಿತೋಷಕವಾಗಿ ಕೊಡಲಾಗುವುದು ಎಂದು ಒಲೆಗಳ ನಡುವೆ ನಿಂತು ಓದಿ ಹೇಳಿದೆ.

“ಪಾರ್ತೋಸ್ಕ ಅಂದ್ರೆ ಯಾನ ಸ್ವಾಮಿ? ತಿನ್ನದಾ, ಉಡದಾ?” ಎಂದಳು ಹಿರಿಯಳು.

“ಉಡುವುದು. ರೇಷ್ಮೆ ಸೀರೆ.”

ರಾಟೆಗಳು ಒಂದು ಕ್ಷಣ ನಿಂತವು. ಹುಟ್ಟಿದಾಗಿನಿಂದ ರೇಷ್ಮೆಯನ್ನು ಬಿಚ್ಚುತ್ತಿದ್ದ ಆ ಹೆಂಗಸರಲ್ಲಿ ಒಬ್ಬರೂ ಅದನ್ನು ಉಟ್ಟಿರಲಿಲ್ಲ. ಎರಡಾಣೆಯ ಮಾತನ್ನು ಅಂದು ಮತ್ತೆ ಯಾರೂ ಎತ್ತಲಿಲ್ಲ. ಯಜಮಾನರು ನನ್ನ ಬೆನ್ನು ತಟ್ಟಿದರು.

ಮೂರನೆಯ ಒಲೆಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬಳಿದ್ದಳು. ಹುಟ್ಟಿದ್ದು ಉಮ್ಮತ್ತೂರಿನಲ್ಲಿ, ಕೊಟ್ಟದ್ದು ಚಾಮರಾಜನಗರಕ್ಕೆ. ಮದುವೆಯಾದ ಮೇಲೆ ತಂದೆತಾಯಿಯರಿಬ್ಬರೂ ತೀರಿಕೊಂಡಿದ್ದರು. ಇದ್ದ ಒಬ್ಬ ಅಣ್ಣ ಕೊಯಮತ್ತೂರಿನ ಗಿರಣಿಗೆಂದು ಹೋದವನು ಮತ್ತೆ ಸುದ್ದಿಯಿಲ್ಲ. ಗಂಡ ಬಂಡೀಪುರದ ಕಡೆಯಿಂದ ಬಿದಿರು ಸಾಗಿಸುವ ಗಾಡಿ ಹೊಡೆಯುತ್ತಿದ್ದುದರಿಂದ ಮನೆಯಲ್ಲಿರುವ ದಿನಗಳು ಕಡಿಮೆ. ಅವಳ ಬದುಕು ನಡೆಯುತ್ತಿದ್ದುದು ಅತ್ತೆಯ ಜೊತೆಗೆ. ಜಗಳಗಂಟಿಯೆಂದು ಹೆಸರಾಗಿದ್ದಳು. ತನ್ನ ಪಾಲಿಗೆ ತೆಳ್ಳನೆಯ ಗೂಡು ಬಂದರೆ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಸುರಿದು, “ಇದುನ್ನ ನೀವೆ ಬಿಚ್ಚಿ ಸ್ವಾಮಿ, ಓದಿರೋರು,” ಎಂದು ಹೋಗಿಬಿಡುವವಳು.

ಅವಳು ಬಸುರಿಯೆಂಬುದು ನನಗೆ ತಿಳಿದದ್ದು ಉಳಿದವರ ಮಾತಿನಿಂದ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಗಂಡನ ಮನೆಯಲ್ಲಿ ಆದರೆ ಆ ಮನೆಗೆ ಕೇಡು ಎಂಬುದು ಅತ್ತೆಯ ದೃಢವಾದ ನಂಬಿಕೆ. ತವರೇ ಇಲ್ಲದವಳು ಎಲ್ಲಿಗೆ ಹೋಗಬೇಕು?

“ನಮ್ಮತ್ತೆ ಯೋಳ್ಬುಟ್ಟವ್ಳೆ,” ಎಂದು ಅವಳು ಬಾಣಲೆಯ ಆವಿಯ ನಡುವಿನಿಂದ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಎಲ್ಲಾರ ಓಗಿ ಎತ್ಕಂಡ್ ಬಾ, ನನ್ ಮನೆ ಹೊಸ್ಲು ಒಳ್ಗೆ ಮಾತ್ರ ಬ್ಯಾಡ ಅಂತ. ಎಲ್ಲಿಗ್ ಓಗ್ಲಿ? ಬಸ್‌ಸ್ಟಾಂಡ್ಗಾ?”

“ಉಮ್ಮತ್ತೂರ್ ಬಸ್ಸು ದಿನಾ ತಡ ಕಣಮ್ಮಿ. ಅಲ್ಲೆ ಎರ್ಬೋದು ಬುಡು,” ಎಂದಳು ಹಿರಿಯಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಆ ನಗೆ ಮುಗಿಯುವ ಮೊದಲೇ ಅವಳ ಕೈ ನೀರಿಗೆ ಇಳಿದಿತ್ತು.

ಅಂದಿನಿಂದ ಅವಳು ದುಡಿದ ರೀತಿಯನ್ನು ನಾನು ಬಣ್ಣಿಸಲಾರೆ. ಜಗಳವೆಲ್ಲ ಬಿಟ್ಟಳು. ತೆಳ್ಳನೆಯ ಗೂಡಿನಿಂದಲೂ ಕೊನೆಯ ಎಳೆಯವರೆಗೆ ತೆಗೆಯುವಳು. ಊಟಕ್ಕೆ ಎದ್ದವಳು ಮುದ್ದೆ ನುಂಗಿ ನೀರು ಕುಡಿಯುವಷ್ಟರಲ್ಲಿ ಹಿಂತಿರುಗುವಳು. ಉಳಿದವರೂ ಹಟಕ್ಕೆ ಬಿದ್ದರು. ನೂಲು ನಯವಾಯಿತು, ಹಾಳಾಗುವ ಎಳೆ ಕಡಿಮೆಯಾಯಿತು. ಒಂದು ಸೀರೆಯ ಆಸೆಗೆ ಮನುಷ್ಯರು ಇಷ್ಟು ದುಡಿಯುವರೇ ಎಂದು ಬೆರಗಾದ ನಾನು, ನನ್ನ ಪುಸ್ತಕಗಳು ಹೇಳಿದ್ದು ನಿಜವಾಯಿತೆಂದು ಒಳಗೊಳಗೇ ಹಿಗ್ಗಿದೆ.

ಆಯುಧಪೂಜೆ ಹತ್ತಿರವಾದಾಗ ಒಂದು ತೊಡಕು ತಲೆದೋರಿತು. ಸೀರೆ ಉಮ್ಮತ್ತೂರಿನವಳಿಗೇ ಎಂಬುದು ನಿಶ್ಚಯವಾಗಿತ್ತು. ಆದರೆ ಅದನ್ನು ಅವಳ ಕೈಗೆ ಕೊಡುವವರು ಯಾರು? ಯಜಮಾನರು ಗಂಡಸರು. ಪರರ ಹೆಂಡತಿಗೆ ಗಂಡಸು ಸಭೆಯಲ್ಲಿ ಸೀರೆ ಕೊಟ್ಟರೆ ಊರು ಏನೆಂದೀತು? ಈ ಯೋಚನೆ ನನ್ನನ್ನು ಎರಡು ದಿನ ಕಾಡಿತು. ಕೊನೆಗೆ ಯಜಮಾನರ ಮಡದಿಯವರೇ ಬಂದು ಕೊಡಲಿ ಎಂದು ನಾನೇ ಸೂಚಿಸಿದೆ. ಅವರು ಒಪ್ಪಿದರು. ಆದರೆ ಗುಂಡ್ಲುಪೇಟೆಯಿಂದ ಒಂದು ಮಾತು ಹೇಳಿ ಕಳುಹಿಸಿದರು: ಮುತ್ತೈದೆಗೆ, ಅದರಲ್ಲಿಯೂ ಬಸುರಿಗೆ, ಬರಿಯ ಸೀರೆ ಎತ್ತಿ ಕೊಡುವುದು ಪದ್ಧತಿಯಲ್ಲ; ಅಕ್ಕಿ, ತೆಂಗಿನಕಾಯಿ, ಅರಿಸಿನ ಕುಂಕುಮ ಎಲ್ಲ ಇಟ್ಟು ಮಡಿಲು ತುಂಬಬೇಕು. ಪದ್ಧತಿಗೆ ಲೋಪ ಬರಬಾರದೆಂದು ನಾನೇ ಪೇಟೆಗೆ ಹೋಗಿ ಒಳ್ಳೆಯ ಸಣ್ಣಕ್ಕಿಯನ್ನೂ ಜುಟ್ಟಿರುವ ತೆಂಗಿನಕಾಯಿಯನ್ನೂ ಆರಿಸಿ ತಂದೆ.

ಸಮಾರಂಭಕ್ಕೆ ಭಾಷಣವೊಂದು ಬೇಕಲ್ಲವೇ? ಅದನ್ನೂ ಬರೆದೆ. ತಿದ್ದಿ ತಿದ್ದಿ ಬರೆದೆ.

ಪೂಜೆಯ ದಿನ ಒಲೆಗಳಿಗೆಲ್ಲ ವಿಭೂತಿ, ಹೂವು. ರಾಟೆಗಳಿಗೆ ಮಾವಿನ ಸೊಪ್ಪು. ಹೆಂಗಸರ ಮನೆಯವರನ್ನೂ ಕರೆದಿದ್ದೆವು. ಉಮ್ಮತ್ತೂರಿನವಳ ಅತ್ತೆ ಬಾಗಿಲ ಬಳಿ ಕಾಲು ಚಾಚಿ ಕುಳಿತಿದ್ದಳು. ನಾನು ಎದ್ದು ನಿಂತು ಓದಿದೆ: “ಈ ಕಾರ್ಖಾನೆಯು ನಿಮ್ಮೆಲ್ಲರಿಗೂ ತವರುಮನೆಯಿದ್ದಂತೆ. ಯಜಮಾನರು ನಿಮಗೆ ತಂದೆಯ ಸ್ಥಾನದಲ್ಲಿಯೂ, ಅಮ್ಮನವರು ತಾಯಿಯ ಸ್ಥಾನದಲ್ಲಿಯೂ ಇದ್ದಾರೆ. ಈ ಸೀರೆಯು ತವರಿನವರು ಮಗಳಿಗೆ ಪ್ರೀತಿಯಿಂದ ಕೊಟ್ಟದ್ದೆಂದು ತಿಳಿಯಬೇಕು.”

ಉಮ್ಮತ್ತೂರಿನವಳು ತಲೆಯೆತ್ತಿದಳು.

“ಇನ್ನೊಂದ್ಸಲಿ ಓದಿ ಸ್ವಾಮಿ.”

ನನ್ನ ಬರಹವನ್ನು ಎರಡನೆಯ ಸಲ ಕೇಳಬಯಸಿದವರು ಅದುವರೆಗೆ ಯಾರೂ ಇರಲಿಲ್ಲ. ನಾನು ಮತ್ತಷ್ಟು ನಿಧಾನವಾಗಿ, ಮತ್ತಷ್ಟು ಸ್ಪಷ್ಟವಾಗಿ ಓದಿದೆ. ಓದುತ್ತಿರುವಾಗ ಅವಳು ನೋಡುತ್ತಿದ್ದುದು ನನ್ನನ್ನಲ್ಲ, ಬಾಗಿಲ ಬಳಿಯ ಅತ್ತೆಯನ್ನು.

“ಕಿವಿಗೊಟ್ಟು ಕೇಳ್ಕಳ್ರಮ್ಮಿ,” ಎಂದು ಹಿರಿಯಳು ಹಿಂದಿನಿಂದ ಕೂಗಿದಳು. “ನಾಳಿಕ್ಕೆ ಸಾಕ್ಷಿ ಯೋಳ್ಬೇಕಾಯ್ತದೆ!”

ನಗೆಯೆದ್ದಿತು. ನಾನೂ ನಕ್ಕೆ. ಅಮ್ಮನವರು ಅವಳ ಹಣೆಗೆ ಕುಂಕುಮವಿಟ್ಟು, ಸೆರಗು ಒಡ್ಡಿಸಿ, ಅಕ್ಕಿ, ಕಾಯಿ, ಸೀರೆ ಒಂದೊಂದಾಗಿ ಮಡಿಲಿಗೆ ಹಾಕಿದರು. “ಮಗ ಎತ್ತು ಸುಖವಾಗಿರು ಕಣವ್ವ,” ಎಂದು ಹರಸಿದರು. ಅವಳು ಅವರ ಕಾಲಿಗೆ ಬಿದ್ದವಳು ಬಹಳ ಹೊತ್ತು ಏಳಲೇ ಇಲ್ಲ. ಸೀರೆಗೆ ಇಷ್ಟು ಸಂತೋಷವೇ ಎಂದುಕೊಂಡೆ.

ಅವರೆಕಾಯಿಯ ಕಾಲ ಬಂತು. ಒಂದು ಬೆಳಗ್ಗೆ ಅವಳ ಒಲೆ ಹೊತ್ತಿರಲಿಲ್ಲ. ತಿಂಗಳು ತುಂಬುತ್ತಿದೆ, ಆಯಾಸವಿರಬಹುದು ಎಂದುಕೊಂಡು ಸುಮ್ಮನಾದೆ. ಮಧ್ಯಾಹ್ನ ಗುಂಡ್ಲುಪೇಟೆಯ ಬಸ್ಸಿನ ಕಂಡಕ್ಟರು ಕಾರ್ಖಾನೆಯ ಬಾಗಿಲಲ್ಲಿ ನಿಂತು ಕೂಗಿದ: “ಬಿ.ಎ. ಸ್ವಾಮ್ಯೋರು ಯಾರು? ಮಂಡಿ ಯಜಮಾನ್ರು ಈಗಿಂದೀಗ್ಲೆ ಬರ್ಬೇಕಂತೆ. ಬೋ ಕ್ವಾಪದಲ್ಲವ್ರೆ.”

ತೆರಕಣಾಂಬಿಯ ದಾರಿಯುದ್ದಕ್ಕೂ ನಾನು ಮಾಡಿರಬಹುದಾದ ತಪ್ಪನ್ನು ಹುಡುಕಿದೆ. ಯಾವುದೂ ಹೊಳೆಯಲಿಲ್ಲ. ಗುಂಡ್ಲುಪೇಟೆಯಲ್ಲಿ ಇಳಿದು ಯಜಮಾನರ ಮನೆಯ ಬೀದಿಗೆ ತಿರುಗಿದವನು ಅಲ್ಲಿಯೇ ನಿಂತುಬಿಟ್ಟೆ.

ಮನೆಯ ಜಗಲಿಯ ಮೇಲೆ ಉಮ್ಮತ್ತೂರಿನವಳು ಕುಳಿತಿದ್ದಳು. ಮೈಮೇಲೆ ಕೊಳ್ಳೇಗಾಲದ ಸೀರೆ. ಪಕ್ಕದಲ್ಲಿ ಬಟ್ಟೆಯ ಗಂಟು. ಮುಂದೆ ಒಂದು ಚೀಲ ಸೊಗಡಿನ ಅವರೆಕಾಯಿ, ಮಗಳು ತವರಿಗೆ ಬರಿಗೈಯಲ್ಲಿ ಬರಬಾರದೆಂದು ತಂದದ್ದು. ಬೀದಿಯ ಹೆಂಗಸರು ಅಲ್ಲಲ್ಲಿ ನಿಂತು ನೋಡುತ್ತಿದ್ದರು. ನನ್ನನ್ನು ಕಂಡು ಅವಳ ಮುಖ ಅರಳಿತು.

“ಬಂದ್ರಾ ಸ್ವಾಮಿ? ನೀವೆ ಯೋಳಿ ಇವ್ರಿಗೆ. ಬಾಣಂತನುಕ್ಕೆ ಬಂದಿವ್ನಿ ಅಂದ್ರೆ ಯಾರೂ ನಂಬ್ತಿಲ್ಲ.”

ಬಾಣಂತನಕ್ಕೆ! ಒಳಗಿನಿಂದ ಯಜಮಾನರ ಧ್ವನಿ ಕೇಳಿಸಿತು.

“ಬನ್ನಿ ಬಿ.ಎ.ನೋರೆ, ಬನ್ನಿ. ನಿಮ್ ಪಾರಿತೋಷಕ ಬಂದು ಜಗ್ಲಿ ಮ್ಯಾಲೆ ಕುಂತದೆ, ನೋಡುದ್ರಾ?”

ನಾನು ಒಳಗೆ ಹೋಗಿ ಕಂಬದ ಬಳಿ ನಿಂತೆ. ಅವರು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮತ್ತೆ ಹಾಕಿಕೊಂಡರು. ಅಮ್ಮನವರು ಒಳಬಾಗಿಲಿನಲ್ಲಿ ಬೆನ್ನು ಮಾಡಿ ನಿಂತಿದ್ದರು.

“ಬೆಳಿಗ್ಗೆ ಮೊದುಲ್ನೆ ಬಸ್ಗೆ ಬಂದವ್ಳೆ. ಅತ್ತೇನೆ ಬಸ್ ಅತ್ಸವ್ಳಂತೆ, ‘ಸದ್ಯ ತವ್ರು ಸಿಕ್ತಲ್ಲ, ಓಗವ್ವ’ ಅಂತ! ನಾವು ಲಿಂಗ ಕಟ್ಟೋರು, ಅವ್ಳ ಜನ ಬ್ಯಾರೆ. ನಮ್ ಒಳಮನೇಲಿ ಬಾಣಂತನ ಅಂದ್ರೆ ನೆಂಟ್ರಿಷ್ಟ್ರು ಯಾನಂತಾರೆ? ಓಗಿ ಯೋಳಿ ಅವ್ಳಿಗೆ. ಆಸ್ಪತ್ರೆ ಖರ್ಚು ಬೇಕಾದ್ರೆ ಕೊಡ್ತಿನಿ. ಅದು ಇನಾಮು, ಅಷ್ಟೆಯ ಅನ್ನಿ. ಬರ್ದೋರು ನೀವು, ಬಿಡ್ಸಿ ಯೋಳೋರೂ ನೀವೆ.”

ಹೊರಗೆ ಬಂದೆ. ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೇಳಿದೆ: “ನೋಡಮ್ಮ, ಅದು ಬಹುಮಾನ. ನೀನು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಕೊಟ್ಟದ್ದು.”

ಅವಳು ನನ್ನನ್ನು ಅರ್ಥವಾಗದವಳಂತೆ ನೋಡಿದಳು.

“ಕೆಲ್ಸುಕ್ಕೆ ಕೂಲಿ ಕೊಟ್ಟಿದ್ರಲ್ಲ ಸ್ವಾಮಿ. ವಾರ ವಾರ ಈಸ್ಕಂಡಿವ್ನಿ. ಕೂಲಿ ಆದ್ಮೇಲೆ ಕೊಟ್ಟುದ್ದು ಯಾನ?”

ಬಿ.ಎ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆಯೊಂದು ಬಂದಿರಲಿಲ್ಲ. “ತವರು ಎಂದದ್ದು ಮಾತಿನ ಮಟ್ಟಿಗೆ,” ಎಂದೆ.

“ಮಾತಿನ್ ಮಟ್ಟಿಗಾ? ಸೀರೆ ಮಾತಿನ್ ಮಟ್ಟಿಗಾ? ಕಾಯಿ ಮಾತಿನ್ ಮಟ್ಟಿಗಾ? ಮಡ್ಲಕ್ಕಿನ ಅನ್ನ ಮಾಡ್ಕಂಡು ಉಂಡೆ ಸ್ವಾಮಿ, ಇಗಾ, ಇಲ್ಲದೆ,” ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಎರಡ್ಸಲಿ ಓದುದ್ರಲ್ಲ! ಒಂದ್ಸಲಿ ಓದಿದ್ರೆ ಬಾಯ್ತಪ್ಪು ಅನ್ಬೋದಿತ್ತು. ಆ ಸೀರೆ ಆಸೆಗೆ ಅಂತಾನಾ ನಾನು ಕೈ ಬೇಯುಸ್ಕಂಡಿದ್ದು? ಬಸ್ರಿಗೆ ಸೀರೆ ಕೊಡೋರು ತವ್ರೋರೆ ಅಂತ ಅವತ್ತಿಂದ ಒಂದು ಎಳೆ ಕಡೀಲಿಲ್ಲ ನಾನು.”

ಯಜಮಾನರು ತಾಳ್ಮೆಗೆಟ್ಟು ಬಾಗಿಲಿಗೆ ಬಂದರು. “ಹಿಂಗ್ ಮಾಡವ್ವ. ಸೀರೆ ವಾಪಸ್ ಕೊಟ್ಬುಡು. ಅದುರ್ ಎರಡರಷ್ಟು ದುಡ್ಡು ಕೊಡ್ತಿನಿ. ಲೆಕ್ಕ ಚುಕ್ತಾ.”

ಬೀದಿಯಲ್ಲಿ ನಿಂತಿದ್ದ ಹೆಂಗಸರು ಒಮ್ಮೆಗೇ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಉಮ್ಮತ್ತೂರಿನವಳು ಜಗಲಿಯ ಕಂಬವನ್ನು ಹಿಡಿದು ಕಷ್ಟದಿಂದ ಎದ್ದಳು. ಆ ರೇಷ್ಮೆಯ ಸೆರಗನ್ನೇ ಎರಡು ಕೈಗಳಲ್ಲಿ ಹಿಡಿದು ಮುಂದಕ್ಕೆ ಒಡ್ಡಿದಳು.

“ಬರಿದ್ ಮಾಡಿ ಕಳುಸ್ತೀರಾ? ಕಳ್ಸಿ. ಬಸ್ರಿ ಮಡ್ಲು ಬರಿದ್ ಮಾಡದ ಈ ಬೀದಿ ನೋಡ್ಲಿ. ಆದ್ರೆ ನೀವಲ್ಲ ಅಪ್ಪಾರೆ. ತುಂಬ್ದೋರೆ ಬಂದು ತೆಗೀಲಿ.”

ಒಂದು ಸೀರೆಯನ್ನು ಕೊಡುವುದೂ ಹಿಂಪಡೆಯುವುದೂ ಇಷ್ಟು ಭಯಂಕರವಾದ ಕ್ರಿಯೆಗಳಾಗಬಲ್ಲವೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಅಮ್ಮನವರು ಹೊರಗೆ ಬಂದರು. ಒಡ್ಡಿದ ಸೆರಗನ್ನು ನೋಡಿದರು. ಅವರ ಮುಖದಲ್ಲಿ ಕರುಣೆಗಿಂತ ಹೆಚ್ಚಾಗಿ ಕೋಪವೇ ಇತ್ತು.

“ಮುಚ್ಕಳೆ ಸೆರಗ. ನಂಗೂ ಕೊಟ್ಟ ಮನೇಲಿ ಮಗ್ಳವ್ಳೆ. ನಾನ್ ತುಂಬುದ್ ಮಡ್ಲ ನಾನೆ ಬರಿದ್ ಮಾಡಿ, ಅದು ಅವ್ಳಿಗ್ ತಟ್ಲಾ?” ಎಂದವರು ಗಂಡನ ಕಡೆಗೆ ತಿರುಗಿದರು. “ಕೂಲಿ ಕೇಳುದ್ರೆ ಕೂಲಿ ಕೊಟ್ಟು ಸುಮ್ನಿರ್ಬಾರ್ದಾಗಿತ್ತಾ?”

ಬಳಿಕ ಅವರ ದೃಷ್ಟಿ ನನ್ನ ಮೇಲೆ ಬಿತ್ತು.

“ನೀವು ಓದಿದ್ದು ಯಾನಪ್ಪ? ಈ ಮನೆ ತವ್ರು ಅಂತ್ಲಾ, ಕಾರ್ಖಾನೆ ತವ್ರು ಅಂತ್ಲಾ?”

“ಕಾರ್ಖಾನೆ ಎಂದು, ಅಮ್ಮ.”

“ಅಂಗಂದ್ರೆ ಕಾರ್ಖಾನೇಲೆ ಆಗ್ಲಿ. ಗೂಡು ತುಂಬೊ ಕ್ವಾಣೆ ಖಾಲಿ ಮಾಡ್ಸಿ. ನಾನೆ ಬಂದು ನಿಂತ್ಕತಿನಿ. ಒಳಮನೆ ಮಾತೂ ಉಳ್ದದು, ಮಡ್ಲುದ್ ಮಾತೂ ಉಳ್ದದು. ಬಾಣಂತಿ ನೀರಿಗೇನು, ಅಲ್ಲಿ ಬಿಸ್ನೀರ್ಗೆ ಬರವಾ?”

ಉಮ್ಮತ್ತೂರಿನವಳು ಸೆರಗನ್ನು ಹೊದ್ದು, ಅವರೆಕಾಯಿಯ ಚೀಲವನ್ನು ಅಮ್ಮನವರ ಕಾಲ ಬಳಿಗೆ ಸರಿಸಿ, ಅಳತೊಡಗಿದಳು.

ಹೀಗೆ ಚಾಮರಾಜನಗರದ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನ ಕೋಣೆ ಬಾಣಂತಿಯ ಕೋಣೆಯಾಯಿತು. ಗೂಡಿನ ತಟ್ಟೆಗಳನ್ನೆಲ್ಲ ಹೊರಗಿನ ಪಡಸಾಲೆಗೆ ಸಾಗಿಸಿದೆವು. ಒಂದು ಮಧ್ಯಾಹ್ನ, ರಾಟೆಗಳು ತಿರುಗುತ್ತಿರುವಾಗಲೇ, ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹಿರಿಯಳೇ ಸೂಲಗಿತ್ತಿಯಾಗಿ ನಿಂತಿದ್ದಳು. ಹೊರಗೆ ಬಂದವಳು ಕೈ ಒರೆಸಿಕೊಳ್ಳುತ್ತ, “ಎಣ್ಣು ಕೂಸು. ಬೆರಳ್ ನೋಡುದ್ರೆ ನಮ್ ಕಸ್ಬುಗೇ ಸೈ,” ಎಂದಳು. ಬಳಿಕ ತನ್ನ ಒಲೆಯ ಮುಂದೆ ಬಗ್ಗಿ, ಉರಿಯುತ್ತಿದ್ದ ಸೌದೆಯನ್ನು ಹೊರಗೆಳೆದು ನೀರು ಚಿಮುಕಿಸಿದಳು. ಎರಡನೆಯ ಒಲೆ ಆರಿತು. ನಾಲ್ಕನೆಯದು. ನೋಡನೋಡುತ್ತಿದ್ದಂತೆ ಎಲ್ಲ ಒಲೆಗಳೂ ಆರಿದವು.

“ಏನಿದು?” ಎಂದು ನಾನು ಕೂಗಿದೆ.

“ಪುರುಡು ಕಣ ಸ್ವಾಮಿ. ಕೂಸು ಉಟ್ಟಿದ್ ಮನೇಲಿ ಮೈಲ್ಗೆ ಇರಾಕಿಲ್ವಾ? ದೇವ್ರ ಪಟ್ಟೆಗ್ ಓಗೊ ನೂಲ ಪುರುಡಿನ್ ಮನೇಲಿ ಬಿಚ್ಚದಾ? ಮನೆ ಶುದ್ಧ ಆಗೋಗಂಟ ಒಲೆ ಅಚ್ಚಂಗಿಲ್ಲ.”

“ಇದು ಕಾರ್ಖಾನೆಯಲ್ಲವೇ?”

“ತವ್ರು ಅಂದ್ರಲ್ಲ!” ಎಂದಳು. ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಬೆಚ್ಚಿಸಿತು.

ಯಜಮಾನರು ಬಂದು ಬೇಡಿದರು, ಗದರಿದರು. ಹೆಂಗಸರು ಕದಲಲಿಲ್ಲ. ಅಮ್ಮನವರಂತೂ ಹೆಂಗಸರದೇ ಸರಿ ಎಂದರು. ಆ ವಾರ ಯಜಮಾನರು ಅಗ್ಗಕ್ಕೆ ಸಿಕ್ಕಿತೆಂದು ರಾಶಿ ಗೂಡನ್ನು ಕೊಂಡಿದ್ದರು. ಜೀವಂತ ಹುಳುವಿರುವ ಗೂಡನ್ನು ಹೆಚ್ಚು ದಿನ ಇಡುವಂತಿಲ್ಲ. ಬಿಚ್ಚಬೇಕು, ಇಲ್ಲವೇ ಬಿಸಿಲಿಗೆ ಹಾಕಿ ಹುಳುವನ್ನು ಸಾಯಿಸಬೇಕು. ಮಂಜು ಮುಸುಕಿದ ಆ ದಿನಗಳಲ್ಲಿ ಬಿಸಿಲಾದರೂ ಎಲ್ಲಿತ್ತು? ಅಂಗಳದಲ್ಲಿ ಹರಡಿದ ಗೂಡುಗಳ ಮುಂದೆ ಯಜಮಾನರೂ ನಾನೂ ಆಕಾಶವನ್ನು ನೋಡುತ್ತ ನಿಂತಿರುತ್ತಿದ್ದೆವು.

ಪುರುಡು ಕಳೆಯುವ ಮೊದಲೇ ಅದು ನಡೆಯಿತು. ಬೆಳಗ್ಗೆ ಬಾಗಿಲು ತೆರೆದಾಗ ಪಡಸಾಲೆಯ ತುಂಬ ಬಿಳಿಯ ಚಿಟ್ಟೆಗಳು. ಗೂಡುಗಳನ್ನು ತೂತು ಮಾಡಿಕೊಂಡು ಹೊರಬಂದು, ತಟ್ಟೆಗಳ ಮೇಲೆ, ಗೋಡೆಯ ಮೇಲೆ, ಆರಿದ ಒಲೆಗಳ ಮೇಲೆ ರೆಕ್ಕೆ ಬಡಿಯುತ್ತಿದ್ದವು. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಅಷ್ಟು ವರ್ಷಗಳಿಂದ ಕಾರ್ಖಾನೆಯಲ್ಲಿದ್ದ ಹೆಂಗಸರೂ ಅಷ್ಟೊಂದು ಚಿಟ್ಟೆಗಳನ್ನು ಒಟ್ಟಿಗೆ ಕಂಡಿರಲಿಲ್ಲ. ಅಲ್ಲಿಗೆ ಬಂದ ಹುಳು ಚಿಟ್ಟೆಯಾಗುವವರೆಗೆ ಬದುಕಿದ್ದೇ ಇಲ್ಲ. ಅವರು ಬಾಗಿಲಲ್ಲಿ ಗುಂಪಾಗಿ ನಿಂತು ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. ಒಳಗಿನ ಕೋಣೆಯಿಂದ ಉಮ್ಮತ್ತೂರಿನವಳು ಕೂಸನ್ನೆತ್ತಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. ಒಂದು ಚಿಟ್ಟೆ ಕೂಸಿನ ಹೊದಿಕೆಯ ಮೇಲೆ ಕುಳಿತಿತ್ತು. ಅದನ್ನು ಅವಳು ಓಡಿಸಲಿಲ್ಲ.

ಯಜಮಾನರು ಆ ಚಿಟ್ಟೆಗಳ ನಡುವೆ ಬಹಳ ಹೊತ್ತು ನಿಂತಿದ್ದರು. ಕೊನೆಗೆ ತೂತಾದ ಒಂದು ಗೂಡನ್ನು ಎತ್ತಿ ನೋಡಿ, ನನ್ನ ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ ಕೇಳಿದರು.

“ಮೊದ್ಲು ಇವ್ರು ಕೇಳಿದ್ದು ಎಷ್ಟು?”

“ದಿನಕ್ಕೆ ಎರಡಾಣೆ ಹೆಚ್ಚು.”

“ಕೊಟ್ಬುಡಿ. ಇನಾಮು ಕೊಡೋವಷ್ಟು ಸಿರಿವಂತ ನಾನಲ್ಲ.”

ಒಲೆಗಳು ಮತ್ತೆ ಹೊತ್ತಿದ ದಿನ ನಾನು ಕೂಲಿ ಹೆಚ್ಚಿಸಿದ ಸಂಗತಿಯನ್ನು ಹೇಳಿದೆ. ಬರೆದುಕೊಂಡಿರಲಿಲ್ಲ. ‘ಇನ್ನು ಮುಂದೆ ದಿನಕ್ಕೆ ಎರಡಾಣೆ ಹೆಚ್ಚು’ ಎಂಬುದರ ಹಿಂದಾಗಲಿ ಮುಂದಾಗಲಿ ಒಂದು ಶಬ್ದವನ್ನೂ ಸೇರಿಸಲಿಲ್ಲ. ಹೆಂಗಸರು ತಲೆಯಾಡಿಸಿದರು. ಹಿರಿಯಳು ಮಾತ್ರ ರಾಟೆಯನ್ನು ನಿಲ್ಲಿಸಿ, “ಅದು ಸರಿ ಸ್ವಾಮಿ. ಈ ಸಲ ಯಾರ್ ಮಡ್ಲು?” ಎಂದಳು. ನಾನು ಹೊರಗೆ ಬಂದುಬಿಟ್ಟೆ.

ಅಷ್ಟಕ್ಕೇ ಮುಗಿಯಿತೆಂದು ತಿಳಿದಿದ್ದೆ. ಮುಂದಿನ ಗೌರಿಹಬ್ಬದ ಹಿಂದಿನ ದಿನ, ಏನೋ ಲೆಕ್ಕ ಒಪ್ಪಿಸಲು ಗುಂಡ್ಲುಪೇಟೆಗೆ ಹೋಗಿದ್ದವನನ್ನು ಅಮ್ಮನವರು ತಡೆದು, ಅರಿಸಿನ ಬಳಿದ ಮೊರದ ಬಾಗಿನವೊಂದನ್ನು ಕೈಗಿಟ್ಟರು. ಬಳೆ, ಕುಬುಸದ ಕಣ, ಕರಿಮಣಿ, ಅಕ್ಕಿ, ಬೇಳೆ. “ಆ ಉಮ್ಮತ್ತೂರ್ನೋಳ್ಗೆ ಮುಟ್ಸಿ. ಒಂದ್ಸಲ ಸುರು ಮಾಡುದ್ ಮ್ಯಾಲೆ ವರ್ಸ ವರ್ಸ ಕೊಡ್ಬೇಕಲ್ಲ,” ಎಂದರು. ಧ್ವನಿಯಲ್ಲಿ ಬೇಸರವಿತ್ತು, ಆದರೆ ಬಳೆಯ ಅಳತೆ ಸರಿಯಾಗಿಯೇ ಇತ್ತು.

ಕೋಟು ಧರಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ನೋಡುತ್ತಿರಲು ನಾನು ಬಸ್ಸಿನಲ್ಲಿ ಬಂದೆ. ಅವಳ ಮನೆಯ ಮುಂದೆ ನಿಂತು, ‘ಯಾರಿದ್ದೀರಿ?’ ಎಂದು ಕರೆಯುವವರೆಗೂ ನನಗೆ ಹೊಳೆಯದಿದ್ದ ಸಂಗತಿಯೊಂದು ಆ ಕ್ಷಣದಲ್ಲಿ ಥಟ್ಟನೆ ಹೊಳೆಯಿತು. ನಮ್ಮ ಸೀಮೆಯಲ್ಲಿ ತವರಿನ ಬಾಗಿನವನ್ನು ಹೊತ್ತು ತರುವವನು ಯಾರೆಂಬುದು ಹಸುಳೆಗೂ ಗೊತ್ತು.

ಅವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಮೊರವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಳಗೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ಅತ್ತೆ, ಕಾಲ್ಗೆ ನೀರ್ ತಕ್ಕಬನ್ನಿ. ನಮ್ಮಣ್ಣ ಬಂದವ್ನೆ.”